ಗಂಧವೆಂಬ ಒಂದು ಮಾತು, ನಾಲ್ಕು ವಸ್ತು
(ಬಾನುಲಿ ಭಾಷಣದ ಬರಹರೂಪ)



ಚನ್ನಗಿರಿ ತಾಲ್ಲೂಕಿನ ನಲ್ಲೂರು ನಮ್ಮೂರು. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಅಲ್ಲಿಯೇ, ಅಡಿಕೆ ತೋಟದ ಅಂಚಿನ ಹಳೆಯ ಮನೆಯಲ್ಲಿ ನೆಲೆಸಿದ್ದೇನೆ. ಕೆಲವು ಕಾಲದ ಹಿಂದೆ ಆ ಮನೆಯಲ್ಲಿ ಒಂದು ಮದುವೆ ನಡೆಯಿತು. ಮದುವಣಗಿತ್ತಿ ನನ್ನ ತಮ್ಮನ ಮೊಮ್ಮಗಳು. ಮದುವೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ಅವಳು ಪೇಟೆಯಿಂದ ಹೆಬ್ಬೆರಳು ಗಾತ್ರದ ಒಂದು ಸೀಸೆಯನ್ನು ಕೊಂಡುತಂದಳು. ಮುಚ್ಚಳ ತೆಗೆದೊಡನೆ ನಡುಮನೆಯೆಲ್ಲ ಘಮಘಮಿಸಿತು. ರಾತ್ರಿ ಮಲಗುವ ಮುನ್ನ ಅದರಲ್ಲಿ ಮೂರು ನಾಲ್ಕು ಹನಿಯನ್ನು ಅಂಗೈಗೆ ಹಾಕಿಕೊಂಡು ಮುಖಕ್ಕೆ ತಿಕ್ಕಿಕೊಳ್ಳುವುದು ಅವಳ ಸಂಕಲ್ಪ.

“ಇದನ್ನು ಹೀಗೆ ಬರಿದೇ ಹಚ್ಚಬಹುದೇನಮ್ಮ?” ಎಂದು ನಾನು ಕೇಳಿದೆ.

“ಶುದ್ಧ ಶ್ರೀಗಂಧದ ಎಣ್ಣೆ ಅಂತ ಮೇಲೇ ಬರ್ದೈತಲ್ಲ ಅಜ್ಜ. ನಮ್ಮ ಅಜ್ಜಿ ಕಾಲದಿಂದ ಗಂಧ ಹಚ್ಚಿಲ್ವೇನು?” ಎಂದಳು.

ನನಗೆ ಮರುಮಾತು ಹೊಳೆಯಲಿಲ್ಲ. ಹನ್ನೆರಡನೆಯ ದಿನ ಹುಡುಗಿಯ ಎರಡೂ ಕೆನ್ನೆ ಕೆಂಪೇರಿ, ತುರಿಕೆಯೆದ್ದು, ಸಣ್ಣ ಗುಳ್ಳೆಗಳು ಮೂಡಿದವು. ದಾವಣಗೆರೆಯ ಚರ್ಮವೈದ್ಯರ ಬಳಿಗೆ ಓಡಿದೆವು. ಎರಡು ವಾರದಲ್ಲಿ ಕೆಂಪು ಇಳಿಯಿತು. ಆದರೆ ಕೆನ್ನೆಯ ಮೇಲೆ ಕಂದು ನೆರಳೊಂದು ಉಳಿಯಿತು. ಬಣ್ಣ ತಿಳಿಯಾಗಲೆಂದು ಹಚ್ಚಿದುದು ಬಣ್ಣವನ್ನು ಕಪ್ಪಾಗಿಸಿತು. ಮದುವೆಯ ದಿನ ಅವಳು ಚಿತ್ರ ತೆಗೆಯುವವನೆದುರು ಮುಖ ತಗ್ಗಿಸಿ ಕುಳಿತುದನ್ನು ಬಂಧುಗಳು ನಾಚಿಕೆಯೆಂದು ತಿಳಿದರು. ಅದು ನಾಚಿಕೆಯಲ್ಲವೆಂಬುದು ನನಗೆ ಗೊತ್ತಿತ್ತು.

ಅಂದು ನಾನು ಮರುಮಾತಾಡದೆ ಉಳಿದ ತಪ್ಪನ್ನು ಇಂದಾದರೂ ತಿದ್ದಿಕೊಳ್ಳಬೇಕೆಂಬುದೇ ಈ ಭಾಷಣದ ಉದ್ದೇಶ. ನಾನು ರಸಾಯನಶಾಸ್ತ್ರಜ್ಞನಲ್ಲ, ವೈದ್ಯನೂ ಅಲ್ಲ, ಕನ್ನಡ ಎಂ.ಎ. ಓದಿ ಕನ್ನಡ ಪಾಠ ಹೇಳಿದವನು. ಆದರೆ ಈ ವಿಷಯದಲ್ಲಿ ಕನ್ನಡ ಮೇಷ್ಟರಿಗೂ ಒಂದು ಕೆಲಸವಿದೆ. ಏಕೆಂದರೆ ಹುಡುಗಿ ಮೋಸಹೋದುದು ಮೊದಲು ಒಂದು ಮಾತಿನಲ್ಲಿ. ಕನ್ನಡದಲ್ಲಿ ‘ಗಂಧ’ವೆಂದರೆ ಪರಿಮಳ, ಗಂಧವೆಂದರೆ ಮರ, ಕಲ್ಲಿನ ಮೇಲೆ ತೇಯ್ದುದೂ ಗಂಧವೇ, ಸೀಸೆಯಲ್ಲಿರುವುದೂ ಗಂಧವೇ. ಅಜ್ಜಿ ಹಚ್ಚಿದ ಗಂಧ ಬೇರೆ, ಮೊಮ್ಮಗಳು ಹಚ್ಚಿದ ಗಂಧ ಬೇರೆ. ಮಾತು ಒಂದೇ ಆದುದರಿಂದ ವಸ್ತುವೂ ಒಂದೇ ಎಂದು ನಾವೆಲ್ಲ ನಂಬಿಬಿಡುತ್ತೇವೆ. ಇಂದು ಈ ಒಂದು ಮಾತಿನ ಕೆಳಗೆ ಅಡಗಿರುವ ನಾಲ್ಕು ವಸ್ತುಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು, ತೇಯ್ದ ಗಂಧ. ಶ್ರೀಗಂಧದ ಮರ ಅರೆಪರಾವಲಂಬಿ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಆಹಾರದ ಒಂದು ಪಾಲನ್ನು ಪಡೆಯುತ್ತದೆ. ಅದರ ಸೊಗಡೆಲ್ಲ ಮರದ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿಯ ಮರಕ್ಕೆ ವಾಸನೆಯಿಲ್ಲ. ಒಳ್ಳೆಯ ಚೇಗಿನ ನೂರು ಕಿಲೋ ತೂಕದಲ್ಲಿ ಎಣ್ಣೆಯ ಪಾಲು ನಾಲ್ಕು ಕಿಲೋ ಆಸುಪಾಸು ಎಂದಿಟ್ಟುಕೊಳ್ಳಿ. ಕೊರಡನ್ನು ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದಾಗ ಬರುವುದು ಮರದ ನುಣ್ಣನೆಯ ಹುಡಿ, ನೀರು, ಮತ್ತು ಆ ಹುಡಿಯೊಳಗಿನ ಅತ್ಯಲ್ಪ ಎಣ್ಣೆ. ಅದನ್ನು ಹಣೆಗೆ ಬೊಟ್ಟಿನಷ್ಟು ಇಡುತ್ತಿದ್ದರು, ಬೆವರುಸಾಲೆಗೆ ತೆಳುವಾಗಿ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಉದುರಿಹೋಗುತ್ತಿತ್ತು.

ಈಗ ಸೀಸೆಯ ಲೆಕ್ಕ ಮಾಡಿ. ಒಂದು ಗ್ರಾಂ ಎಣ್ಣೆಯೆಂದರೆ ಸುಮಾರು ಇಪ್ಪತ್ತೈದು ಗ್ರಾಂ ಒಣ ಚೇಗಿನ ಸಾರ. ನೀರು ಬೆರೆತ ಗಂಧದೊಡನೆ ಹೋಲಿಸಿದರೆ ಅಂತರ ಇನ್ನೂ ದೊಡ್ಡದು. ಅಜ್ಜಿಯ ಅನುಭವವನ್ನು ನಾನು ಹಗುರವಾಗಿ ಕಾಣುವವನಲ್ಲ. ತಲೆಮಾರುಗಳ ಅನುಭವ ಒಂದು ಬಗೆಯ ಪರೀಕ್ಷೆಯೇ ಸರಿ. ಆದರೆ ಆ ಪರೀಕ್ಷೆ ನಡೆದುದು ತೇಯ್ದ ಗಂಧದ ಮೇಲೆ, ಆ ಅಲ್ಪ ಪ್ರಮಾಣದಲ್ಲಿ. ಮಜ್ಜಿಗೆ ಕುಡಿದು ಅರಗಿಸಿಕೊಂಡವನು ಅಷ್ಟೇ ಅಳತೆಯ ತುಪ್ಪವನ್ನೂ ಕುಡಿದು ಅರಗಿಸಿಕೊಳ್ಳುತ್ತಾನೆಂದು ಯಾರೂ ಹೇಳುವುದಿಲ್ಲ. ಅಲ್ಲವೆ?

ಎರಡನೆಯ ವಸ್ತು, ಭಟ್ಟಿ ಇಳಿಸಿದ ಎಣ್ಣೆ. ಇದರ ಚರಿತ್ರೆ ನಮ್ಮ ನಾಡಿನದೇ. ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರು ಸಂಸ್ಥಾನದ ಗಂಧದ ಮರ ಬಹುಪಾಲು ಕೊರಡಾಗಿಯೇ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಮೊದಲಾಗಿ ಆ ದಾರಿ ಮುಚ್ಚಿತು. ಕೊರಡು ಗೋದಾಮಿನಲ್ಲಿ ಬಿದ್ದಿರುವಾಗ, ಇಲ್ಲಿಯೇ ಏಕೆ ಎಣ್ಣೆ ತೆಗೆಯಬಾರದೆಂಬ ಪ್ರಶ್ನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು, ಕೈಗಾರಿಕೆಯ ಹೊಣೆ ಆಲ್‌ಫ್ರೆಡ್ ಚಾಟರ್ಟನ್ನರದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಭಟ್ಟಿಯ ವಿಧಾನವನ್ನು ಸಿದ್ಧಪಡಿಸಿದರು. 1916ರ ಸುಮಾರಿಗೆ ಸರ್ಕಾರಿ ಗಂಧದೆಣ್ಣೆಯ ಉದ್ಯಮ ಹುಟ್ಟಿಕೊಂಡಿತು. 1918ರಲ್ಲಿ ಎಸ್.ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. 1944ರಲ್ಲಿ ನಮ್ಮ ಸೀಮೆಗೆ ಹತ್ತಿರದ ಶಿವಮೊಗ್ಗದಲ್ಲಿಯೂ ಎಣ್ಣೆಯ ಕಾರ್ಖಾನೆ ಏರ್ಪಟ್ಟಿತು.

ಈ ಎಣ್ಣೆಯ ಜೀವಾಳ ಸ್ಯಾಂಟಲಾಲ್ ಎಂಬ ಆಲ್ಕೊಹಾಲು. ಅದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಮುಖ್ಯ ಬಗೆ. ಶ್ರೀಗಂಧದ ಎಣ್ಣೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಮಾನಕದ ಪ್ರಕಾರ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55ರವರೆಗೆ, ಬೀಟಾ ಶೇಕಡ 16ರಿಂದ 24ರವರೆಗೆ ಇರಬೇಕು. ಇದನ್ನು ಅಳೆಯಲು ಯಂತ್ರ ಬೇಕು. ಮೂಗಿನಿಂದ ಆಗುವ ಕೆಲಸವಲ್ಲ.

ಇನ್ನು ಮೂರನೆಯ ವಸ್ತು, ಶ್ರೀಗಂಧದ ನೆಂಟರೆಂದು ಹೇಳಿಕೊಂಡು ಬರುವ ಎಣ್ಣೆಗಳು. ನಮ್ಮ ಶ್ರೀಗಂಧ ಬೆಳೆಯಲು ದಶಕಗಳು ಬೇಕು. ಸ್ಪೈಕ್ ರೋಗ, ಕಳ್ಳಸಾಗಣೆ ಎರಡೂ ಸೇರಿ ಕಾಡಿನ ಮರವನ್ನು ಬಹುಮಟ್ಟಿಗೆ ಬರಿದುಮಾಡಿದವು. ಖಾಸಗಿ ಜಮೀನಿನಲ್ಲಿ ಬೆಳೆದ ಮರ ಬೆಳೆದವನದೇ ಎಂದು ಕರ್ನಾಟಕದ ಕಾನೂನು ತಿದ್ದುಪಡಿಯಾದುದು 2001ರಲ್ಲಿ. ವಸ್ತು ವಿರಳವಾಗಿ ಬೆಲೆ ಏರಿದಲ್ಲಿ ಕಲಬೆರಕೆ ತಪ್ಪದು. ಆಸ್ಟ್ರೇಲಿಯದ ಗಂಧದ ಮರವೊಂದಿದೆ. ಜಾತಿಯಲ್ಲಿ ನಮ್ಮದಕ್ಕೆ ಸೋದರ, ಗುಣದಲ್ಲಿ ಬೇರೆ. ಅದರ ಎಣ್ಣೆಯಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎಂಬ ಇನ್ನೊಂದು ಸುಗಂಧವಸ್ತು ಹೆಚ್ಚು. ಈ ಫಾರ್ನೆಸಾಲ್ ಕೆಲವರ ಚರ್ಮಕ್ಕೆ ಒಗ್ಗದೆಂಬುದು ಬಹುಕಾಲದಿಂದ ತಿಳಿದ ವಿಷಯ. ಆಮೈರಿಸ್ ಎಂಬ ವೆಸ್ಟ್ ಇಂಡೀಸ್ ಕಡೆಯ ಮರದ ಎಣ್ಣೆಗೂ ಗಂಧದ ಹೆಸರನ್ನೇ ಅಂಟಿಸುತ್ತಾರೆ. ಅದು ಈ ಕುಲಕ್ಕೇ ಸೇರಿದುದಲ್ಲ. ಇವನ್ನು ಮಾರುವುದೇ ಅಪರಾಧವೆಂದು ನನ್ನ ಮಾತಲ್ಲ. ಹೆಸರು ಹೇಳಿ ಮಾರಿದರೆ ಅದು ವ್ಯಾಪಾರ, ಹೆಸರು ಮುಚ್ಚಿದರೆ ಮೋಸ.

ನಾಲ್ಕನೆಯದು, ಮರವನ್ನೇ ಕಾಣದ ಗಂಧ. ಅಂದರೆ ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಸುಗಂಧವಸ್ತುಗಳು. ಸಾಂಡಲೋರ್ ಎಂಬುದು ಇವುಗಳಲ್ಲಿ ಒಂದು. ಪೈನ್ ಮರದ ಟರ್ಪೆಂಟೈನಿನಲ್ಲಿ ದೊರೆಯುವ ವಸ್ತುವಿನಿಂದ ಹಲವು ಹಂತಗಳಲ್ಲಿ ಇದನ್ನು ತಯಾರಿಸುತ್ತಾರೆ. ಸ್ಯಾಂಟಲಾಲ್ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಹದಿನೈದು, ಸಾಂಡಲೋರಿನಲ್ಲಿ ಹದಿನಾಲ್ಕು. ಅವುಗಳ ಜೋಡಣೆಯೂ ಬೇರೆ. ಮೂಗು ಮಾತ್ರ ಎರಡನ್ನೂ ಗಂಧವೆಂದೇ ಓದುತ್ತದೆ.

ಈಗ ಕೇಳುಗರು ಪತ್ರಿಕೆಗಳಲ್ಲಿ ಓದಿರಬಹುದಾದ ಒಂದು ಸುದ್ದಿಗೆ ಬರುತ್ತೇನೆ. ‘ಚರ್ಮವೂ ಗಂಧವನ್ನು ಮೂಸುತ್ತದೆ, ಗಾಯ ಮಾಯುತ್ತದೆ’ ಎಂಬುದು ಆ ಸುದ್ದಿ. ಅದು ಸುಳ್ಳಲ್ಲ. 2014ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಹಾನ್ಸ್ ಹಾಟ್ ಮತ್ತು ಅವರ ಸಂಗಡಿಗರು ಒಂದು ಸೋಜಿಗವನ್ನು ಪ್ರಕಟಿಸಿದರು. ವಾಸನೆಯನ್ನು ಹಿಡಿಯುವ ಗ್ರಾಹಕಗಳು ಮೂಗಿನಲ್ಲಿ ಮಾತ್ರವಲ್ಲ, ಚರ್ಮದ ಜೀವಕೋಶಗಳಲ್ಲಿಯೂ ಇವೆ. ಓಆರ್2ಎಟಿ4 ಎಂಬ ಗ್ರಾಹಕಕ್ಕೆ ಸಾಂಡಲೋರ್ ತಗುಲಿದಾಗ ಚರ್ಮದ ಜೀವಕೋಶಗಳು ಹೆಚ್ಚು ವೇಗದಲ್ಲಿ ವೃದ್ಧಿಸಿದವು, ಗಾಯದ ಕಡೆಗೆ ಹೆಚ್ಚು ಚುರುಕಾಗಿ ಸರಿದವು. ಐದು ದಿನದ ಪ್ರಯೋಗದಲ್ಲಿ ವೃದ್ಧಿ ಶೇಕಡ 32ರಷ್ಟು ಹೆಚ್ಚಿತೆಂದು ಅವರು ವರದಿಮಾಡಿದರು.

ಒಳ್ಳೆಯ ವಿಜ್ಞಾನ; ಸಂದೇಹವಿಲ್ಲ. ಆದರೆ ಪಾಠವನ್ನು ಗಮನವಿಟ್ಟು ಓದುವ ವಿದ್ಯಾರ್ಥಿ ಇಲ್ಲಿ ಮೂರು ಪ್ರಶ್ನೆ ಕೇಳುತ್ತಾನೆ. ಯಾವ ವಸ್ತು? ಹೆಚ್ಚಿನ ಫಲ ಕೊಟ್ಟುದು ಸಂಶ್ಲೇಷಿತ ಸಾಂಡಲೋರ್. ನಮ್ಮ ಮರದ ಎಣ್ಣೆಗೆ ಆ ಕೀರ್ತಿಯನ್ನು ಹೊರಿಸುವಂತಿಲ್ಲ. ಎಲ್ಲಿ? ಪ್ರಯೋಗಶಾಲೆಯಲ್ಲಿ, ದೇಹದಿಂದ ಹೊರಗೆ ಸಾಕಿದ ಜೀವಕೋಶ ಮತ್ತು ಚರ್ಮದ ತುಣುಕುಗಳಲ್ಲಿ. ಎಷ್ಟು? ಮೂಗಿನ ಗ್ರಾಹಕವನ್ನು ಎಚ್ಚರಿಸಲು ಬೇಕಾಗುವುದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಪ್ರಮಾಣದಲ್ಲಿ. 2018ರಲ್ಲಿ ಇದೇ ಗ್ರಾಹಕ ಕೂದಲ ಬುಡದಲ್ಲಿಯೂ ಇದೆ, ಸಾಂಡಲೋರ್ ಕೂದಲು ಬೆಳೆಯುವ ಅವಧಿಯನ್ನು ನೀಳಗೊಳಿಸುತ್ತದೆ ಎಂಬ ಇನ್ನೊಂದು ಲೇಖನ ಬಂತು. ಅದೂ ದೇಹದ ಹೊರಗೆ ಸಾಕಿದ ಕೂದಲ ಬುಡಗಳ ಮೇಲೆ ನಡೆದ ಪ್ರಯೋಗ. ಅದಕ್ಕೆ ನೆರವಿತ್ತುದು ಇಂಥ ಪದಾರ್ಥಗಳನ್ನು ಮಾರುವ ಒಂದು ಕಂಪನಿ. ಕಂಪನಿಯ ಹಣದಿಂದ ನಡೆದ ಮಾತ್ರಕ್ಕೆ ಸಂಶೋಧನೆ ಸುಳ್ಳಾಗದು. ಆದರೆ ಬೇರೆಯವರು ಮತ್ತೆ ಮಾಡಿ ನೋಡುವವರೆಗೆ ನಾವು ತಾಳ್ಮೆಯಿಂದಿರುವುದು ಲೇಸು.

ಹಾಗಾದರೆ ನಮ್ಮ ನಿಜವಾದ ಎಣ್ಣೆಯ ಮೇಲೆ ಪರೀಕ್ಷೆಗಳೇ ನಡೆದಿಲ್ಲವೆ? ನಡೆದಿವೆ. ಅಮೆರಿಕದ ದಕ್ಷಿಣ ಡಕೋಟದಲ್ಲಿ ಚಂದ್ರಧರ ದ್ವಿವೇದಿ ಎಂಬ ವಿಜ್ಞಾನಿ 1990ರ ದಶಕದಿಂದ ಇಲಿಗಳ ಚರ್ಮದ ಮೇಲೆ ಈ ಎಣ್ಣೆಯನ್ನೂ ಆಲ್ಫಾ ಸ್ಯಾಂಟಲಾಲನ್ನೂ ಪರೀಕ್ಷಿಸಿ, ಪ್ರಯೋಗದಲ್ಲಿ ಬರಿಸಿದ ಗಡ್ಡೆಗಳು ಕಡಿಮೆಯಾದುದನ್ನು ಕಂಡರು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವದ ಕೆಲಸವನ್ನು ಆಲ್ಫಾ ಸ್ಯಾಂಟಲಾಲ್ ತಡೆಯುತ್ತದೆಂದು ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ‘ಗಂಧ ಬಣ್ಣ ತಿಳಿಯಾಗಿಸುತ್ತದೆ’ ಎಂಬ ಜಾಹೀರಾತಿನ ಹಿಂದೆ ಇರುವ ವಿಜ್ಞಾನ ಇಷ್ಟೆ. ಮೊಡವೆಯುಳ್ಳವರ ಮೇಲೆಯೂ ಪ್ರಯೋಗ ನಡೆದು 2012ರಲ್ಲಿ ವರದಿ ಬಂದಿದೆ. ಬಹುಮಂದಿಗೆ ಗುಣ ಕಂಡಿತು. ಆದರೆ ಅದರಲ್ಲಿ ಗಂಧದೆಣ್ಣೆಯ ಜೊತೆಗೆ ಸ್ಯಾಲಿಸಿಲಿಕ್ ಆಮ್ಲವೂ ಇತ್ತು. ಅದು ಮೊಡವೆಗೆ ಹಳೆಯ ಮದ್ದು. ಮದ್ದು ಹಚ್ಚದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಲೂ ಇಲ್ಲ. ಇಬ್ಬರು ಹೊತ್ತ ಪಲ್ಲಕ್ಕಿಯ ಭಾರವನ್ನೆಲ್ಲ ಒಬ್ಬನೇ ಹೊತ್ತನೆಂದು ಹೇಳಲಾದೀತೆ?

ಪ್ರಯೋಗಶಾಲೆಯ ಬಟ್ಟಲು ಮೊದಲ ಮೆಟ್ಟಿಲು, ಇಲಿ ಎರಡನೆಯದು, ಹೋಲಿಕೆಯಿಲ್ಲದೆ ಕೆಲವು ಮಂದಿಯ ಮೇಲೆ ಮಾಡಿದುದು ಮೂರನೆಯದು, ಹೋಲಿಕೆಯ ಗುಂಪಿಟ್ಟು ಹಲವರ ಮೇಲೆ ಮಾಡಿದುದು ನಾಲ್ಕನೆಯದು. ಶ್ರೀಗಂಧದ ಎಣ್ಣೆ ಮುಖದ ಕಾಂತಿಯ ವಿಷಯದಲ್ಲಿ ಕೆಳಗಿನ ಮೆಟ್ಟಿಲುಗಳಲ್ಲಿದೆ. ಸೀಸೆಯ ಮೇಲಿನ ಚೀಟಿ ಮಾತ್ರ ಅದನ್ನು ಮಾಳಿಗೆಯ ಮೇಲೆಯೇ ಕೂರಿಸಿಬಿಟ್ಟಿರುತ್ತದೆ.

ಇದು ಉಪಯೋಗದ ಮಾತಾಯಿತು. ಅಪಾಯದ ಮಾತೇನು? ಇಲ್ಲಿ ನನ್ನ ಮೊಮ್ಮಗಳ ವೈದ್ಯರು ತಿಳಿಸಿಕೊಟ್ಟುದನ್ನು ಹೇಳುತ್ತೇನೆ. ಅಲರ್ಜಿ ಎಂದು ನಾವೆಲ್ಲ ಕರೆಯುವ ಒಗ್ಗದಿಕೆ, ವಸ್ತು ಶುದ್ಧವೋ ಅಶುದ್ಧವೋ ಎಂದು ಕೇಳಿ ಬರುವುದಿಲ್ಲ. ಹೊಸದೊಂದು ವಸ್ತು ಚರ್ಮದೊಳಗೆ ಇಳಿದಾಗ ದೇಹದ ಕಾವಲುಗಾರ ಕಣಗಳು ಅದರ ಗುರುತನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಗುರುತು ಹಿಡಿಯುವ ಕೆಲಸಕ್ಕೆ ದಿನಗಳೋ ವಾರಗಳೋ ಹಿಡಿಯುತ್ತವೆ. ಹೊರಗೆ ಏನೂ ಕಾಣದು. ಆಮೇಲೆ ಅದೇ ವಸ್ತು ಮತ್ತೆ ಬಂದಾಗ ಒಂದೆರಡು ದಿನದೊಳಗೆ ಕೆಂಪು, ತುರಿಕೆ, ಗುಳ್ಳೆ. ಆದುದರಿಂದ ‘ನಿನ್ನೆ ಹಚ್ಚಿದೆ, ಏನೂ ಆಗಲಿಲ್ಲ’ ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ. ಒಮ್ಮೆ ಹಿಡಿದ ಗುರುತನ್ನು ದೇಹ ಬಹುಕಾಲ, ಅನೇಕ ವೇಳೆ ಬದುಕಿನುದ್ದಕ್ಕೂ ಮರೆಯುವುದಿಲ್ಲ.

ಹೀಗೆ ಒಗ್ಗದೆ ಹೋಗುವವರು ಬಹುಸಂಖ್ಯಾತರಲ್ಲ, ಸ್ವಲ್ಪವೇ ಮಂದಿ. ಹಾಗೆಂದು ಇದು ಕಲ್ಪನೆಯೂ ಅಲ್ಲ. ಯೂರೋಪಿನ ಒಕ್ಕೂಟ 2003ರಲ್ಲಿ ಒಗ್ಗದಿಕೆ ತರಬಲ್ಲ 26 ಸುಗಂಧವಸ್ತುಗಳ ಪಟ್ಟಿ ಮಾಡಿ, ಅವುಗಳ ಹೆಸರನ್ನು ಚೀಟಿಯಲ್ಲಿ ಬರೆಯಲೇಬೇಕೆಂದಿತು, ಫಾರ್ನೆಸಾಲ್ ಅದರಲ್ಲಿತ್ತು. 2023ರಲ್ಲಿ ಆ ಪಟ್ಟಿಯನ್ನು ಹಿಗ್ಗಿಸಿದಾಗ ನಮ್ಮ ಶ್ರೀಗಂಧದ ಎಣ್ಣೆಯೂ ಅದರೊಳಕ್ಕೆ ಬಂತು. ಇದು ನಿಷೇಧವಲ್ಲ, ಹೆಸರು ಹೇಳಬೇಕೆಂಬ ಕಟ್ಟಳೆ ಮಾತ್ರ. ಅಲ್ಲಿಯೂ ಒಂದು ವಿವೇಕವಿದೆ. ತೊಳೆದು ಹೋಗುವ ಸೋಪಿನಂಥ ಪದಾರ್ಥದಲ್ಲಿ ಶೇಕಡ 0.01ಕ್ಕೆ ಮೀರಿದರೆ ಹೆಸರು ಬರೆಯಬೇಕು. ಮೈಮೇಲೆ ಉಳಿಯುವ ಕ್ರೀಮಿನಂಥದರಲ್ಲಿ ಅದರ ಹತ್ತನೆಯ ಒಂದು ಪಾಲು, ಶೇಕಡ 0.001ಕ್ಕೆ ಮೀರಿದರೇ ಬರೆಯಬೇಕು. ಉಳಿಯುವುದರ ಅಪಾಯ ಹೆಚ್ಚೆಂಬುದೇ ಇದರ ಅರ್ಥ. ನೂರು ವರ್ಷದಿಂದ ನಾವು ಗಂಧದ ಸೋಪಿನಲ್ಲಿ ಮೈ ತೊಳೆದು ನೆಮ್ಮದಿಯಿಂದಿದ್ದೇವೆ. ಅದೇ ಧೈರ್ಯವನ್ನು ರಾತ್ರಿಯಿಡೀ ಮುಖದ ಮೇಲಿರುವ ಎಣ್ಣೆಗೆ ವಿಸ್ತರಿಸಲಾಗದು.

ಇನ್ನು ಆ ಕಂದು ನೆರಳಿನ ವಿಷಯ. ಇದಕ್ಕೆ ಜಪಾನಿನಲ್ಲಿ ದುಃಖದ ಪೂರ್ವಕಥೆಯೊಂದಿದೆ. 1960-70ರ ದಶಕಗಳಲ್ಲಿ ಅಲ್ಲಿನ ಅನೇಕ ಹೆಂಗಸರ ಮುಖದ ಮೇಲೆ ಕಪ್ಪು ಕಂದು ಛಾಯೆ ಕಾಣಿಸಿಕೊಂಡಿತು. ಮರೆಮಾಚಲೆಂದು ಇನ್ನಷ್ಟು ಸೌಂದರ್ಯಸಾಧನ ಬಳಿದರು. ಛಾಯೆ ಇನ್ನಷ್ಟು ಗಾಢವಾಯಿತು. ನಕಾಯಾಮ ಮೊದಲಾದ ಚರ್ಮವೈದ್ಯರು ಒಂದೊಂದೇ ವಸ್ತುವನ್ನು ಪರೀಕ್ಷಿಸಿ ಕಾರಣಗಳನ್ನು ಹುಡುಕಿದರು. ಒಂದು ಕೆಂಪು ಬಣ್ಣದ ಕಲ್ಮಷ, ಮಲ್ಲಿಗೆಯ ಸಾರ, ಇನ್ನೂ ಕೆಲವು ಸುಗಂಧಗಳ ಜೊತೆಗೆ ಗಂಧದೆಣ್ಣೆಯೂ ಕೃತಕ ಗಂಧವೂ ಆ ಪಟ್ಟಿಯಲ್ಲಿದ್ದವು. ತಪ್ಪೆಲ್ಲ ಗಂಧದ್ದೆಂದು ಹೇಳುವುದು ಅನ್ಯಾಯ. ಅದು ಹಲವರಲ್ಲಿ ಒಂದು. ದಶಕದ ಕೊನೆಯ ವೇಳೆಗೆ ತಯಾರಕರು ಆ ವಸ್ತುಗಳನ್ನು ಕೈಬಿಡತೊಡಗಿದ ಮೇಲೆ ರೋಗ ಬಹುಮಟ್ಟಿಗೆ ತಗ್ಗಿತು. ಚರ್ಮದ ಉರಿ ಆರಿದ ಮೇಲೆ ಬಣ್ಣದ ಕಲೆ ಉಳಿಯುವುದು ನಮ್ಮಂಥ ಕಂದು ಚರ್ಮದವರಲ್ಲಿ ಇನ್ನೂ ಹೆಚ್ಚು. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಬಣ್ಣ ತಡೆಯುವ ವಸ್ತು, ಒಗ್ಗದವರ ಕೆನ್ನೆಯ ಮೇಲೆ ಬಣ್ಣ ತರಬಲ್ಲದು.

ಮದುವೆಯಾಗಿ ಕೆಲವು ತಿಂಗಳ ಮೇಲೆ ವೈದ್ಯರು ಮೊಮ್ಮಗಳ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಿದರು. ಎರಡು ದಿನದ ಮೇಲೆ ಪಟ್ಟಿ ಬಿಚ್ಚಿದಾಗ, ಸೀಸೆಯ ಎಣ್ಣೆಯನ್ನು ತಿಳಿಯಾಗಿಸಿ ಇಟ್ಟ ಜಾಗ ಕೆಂಪಾಗಿತ್ತು. “ಹಾಗಾದರೆ ಅದು ಕಲಬೆರಕೆಯೇ ಇರಬೇಕು, ಅಲ್ಲವೆ ಡಾಕ್ಟರೇ?” ಎಂದು ನಾನು ಕೇಳಿದೆ. ನನಗೆ ಯಾರನ್ನಾದರೂ ಬೈಯಬೇಕಾಗಿತ್ತು. ಅವರು ಹೇಳಿದರು: “ಇರಬಹುದು, ಇಲ್ಲದಿರಬಹುದು. ಈ ಪಟ್ಟಿ ಅದನ್ನು ಹೇಳುವುದಿಲ್ಲ ಯಜಮಾನರೇ. ಇವರ ಚರ್ಮಕ್ಕೆ ಇದು ಆಗದು ಎಂದಷ್ಟೇ ಹೇಳುತ್ತದೆ.” ಆ ಮಾತು ನನ್ನ ಸಿಟ್ಟನ್ನು ಇಳಿಸಿತು. ಶುದ್ಧವೆಂಬ ಮಾತಿಗೂ ನಿರಪಾಯವೆಂಬ ಮಾತಿಗೂ ನಾನು ಇಷ್ಟು ಕಾಲ ಒಂದೇ ಅರ್ಥ ಹೇಳಿಕೊಂಡಿದ್ದೆನೆಂದು ಆಗ ತಿಳಿಯಿತು.

ಮನೆಮಂದಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಭಟ್ಟಿಯ ಎಣ್ಣೆಯನ್ನು ಎಂದೂ ಬರಿದೇ ಮುಖಕ್ಕೆ ಹಚ್ಚಬೇಡಿ. ಗಂಧದ ಹೆಸರಿನ ಕ್ರೀಮನ್ನು ಹೊಸದಾಗಿ ತಂದಾಗ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಒಂದು ಸಣ್ಣ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ ಅಲ್ಲಿಗೇ ಬಿಡಿ. ಮದುವೆ ಮುಂಜಿಯ ಮುಂದಿನ ತಿಂಗಳಲ್ಲಿ ಹೊಸ ಪದಾರ್ಥದ ಪ್ರಯೋಗವೇ ಬೇಡ. ತುರಿಕೆ ಎದ್ದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಹೋಗುವಾಗ ಸೀಸೆಯನ್ನೂ ಕೊಂಡೊಯ್ಯಿರಿ. ಮತ್ತು ಹೆಣ್ಣುಮಕ್ಕಳ ಬಣ್ಣ ತಿಳಿಯಾಗಲೇಬೇಕೆಂದು ಮನೆಯ ಹಿರಿಯರು ಆಡುವ ಮಾತೂ ಆ ಸೀಸೆಯನ್ನು ಕೊಂಡುತರುವುದರಲ್ಲಿ ಪಾಲುಗೊಳ್ಳುತ್ತದೆಂಬುದನ್ನು ನಾವು ಮರೆಯಬಾರದು. ನಮ್ಮ ಮನೆಯಲ್ಲಿ ಆ ಮಾತನ್ನು ಆಡಿದವರಲ್ಲಿ ನಾನೂ ಒಬ್ಬ.

ಕೆನ್ನೆಯ ನೆರಳು ಈಗ ಬಹಳ ಮಟ್ಟಿಗೆ ಮಾಸಿದೆ. ಗೌರಿಹಬ್ಬಕ್ಕೆ ತವರಿಗೆ ಬಂದಾಗ ಮೊಮ್ಮಗಳು ದೇವರಿಗೆಂದು ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದಳು. ನನ್ನ ಹಣೆಗೊಂದು ಬೊಟ್ಟು ಇಟ್ಟು, ತನ್ನ ಬೆರಳನ್ನು ನೀರಿನಲ್ಲಿ ತೊಳೆದುಕೊಂಡಳು. “ನಂಗೆ ಬ್ಯಾಡ ಅಜ್ಜ, ವಾಸನೆ ಸಾಕು” ಎಂದಳು.